ಕಾರಿನ ಬ್ಲೋವರ್ ಮೋಟಾರ್: ಮನೆಯಲ್ಲೇ ಬದಲಿಸುವುದು ಹೇಗೆ?

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಕಾರು ಓಡಿಸಿದವರಿಗೆ ಈ ಕಷ್ಟ ಗೊತ್ತು. ನಾಲ್ಕು ಜನ ಕುಳಿತು ಕಿಟಕಿ ಏರಿಸಿದರೆ ಕೆಲವೇ ನಿಮಿಷಗಳಲ್ಲಿ ಮುಂದಿನ ಗಾಜು ಒಳಗಿನಿಂದ ಮಂಜು ಮುಸುಕುತ್ತದೆ. ಉಸಿರಿನ ಮತ್ತು ಒದ್ದೆ ಬಟ್ಟೆಯ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಎ.ಸಿ. ಆ ತೇವವನ್ನು ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗಾಗಿಸುತ್ತದೆ. ಆದರೆ ಎರಡರ ಗಾಳಿಯನ್ನೂ ಗಾಜಿನವರೆಗೆ ತಳ್ಳುವುದು ಒಂದೇ ಬ್ಲೋವರ್. ಅದು ನಿಂತರೆ ಎರಡೂ ಇದ್ದೂ ಇಲ್ಲದಂತೆ. ಹಾಗಾಗಿ ಬ್ಲೋವರ್ ಕೆಟ್ಟರೆ ‘ಸೆಕೆ ತಡೆದುಕೊಂಡರಾಯಿತು’ ಎಂದು ಮುಂದೂಡುವುದು ಸರಿಯಲ್ಲ.

ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ಈ ಮೋಟಾರ್ ಎಡಗಡೆ, ಗ್ಲೋವ್ ಬಾಕ್ಸ್‌ನ ಹಿಂದೆ ಅಥವಾ ಕೆಳಗೆ ಇರುತ್ತದೆ. ಬಿಚ್ಚುವುದಕ್ಕೆ ವಿಶೇಷ ಸಲಕರಣೆ ಬೇಕಿಲ್ಲ. ಕೆಟ್ಟಿರುವುದು ಮೋಟಾರೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದರಲ್ಲಿಯೇ ಅರ್ಧ ಕೆಲಸವಿದೆ.

ಮೊದಲು ದೋಷ ಹುಡುಕಿ

• ಕೊನೆಯ ಸ್ಪೀಡ್ ಮಾತ್ರ ಕೆಲಸ ಮಾಡುತ್ತಿದೆ: ಮೋಟಾರ್ ಸರಿಯಿದೆ, ಕೆಟ್ಟಿರುವುದು ರೆಸಿಸ್ಟರ್. ಕಡಿಮೆ ಸ್ಪೀಡ್‌ಗಳಲ್ಲಿ ವಿದ್ಯುತ್ ಇದರ ಮೂಲಕ ಹಾಯುತ್ತದೆ. ಪೂರ್ಣ ಸ್ಪೀಡ್‌ನಲ್ಲಿ ಇದನ್ನು ಬಿಟ್ಟು ನೇರವಾಗಿ ಮೋಟಾರಿಗೆ ಹೋಗುತ್ತದೆ. ರೆಸಿಸ್ಟರ್ ಬದಲಿಸಿದರೆ ಸಾಕು.

• ಮೋಟಾರಿನ ಸದ್ದಿದೆ, ಗಾಳಿ ಕಡಿಮೆ: ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ.

• ಟಕಟಕ ಸದ್ದು: ಫ್ಯಾನಿನೊಳಗೆ ಎಲೆ ಅಥವಾ ಕಡ್ಡಿ ಸಿಕ್ಕಿರಬಹುದು. ಕಿರ್ ಎಂಬ ಕೀರಲು ಸದ್ದು ಬಂದರೆ ಬೇರಿಂಗ್ ಸವೆದಿದೆ.

• ಯಾವ ಸ್ಪೀಡ್‌ನಲ್ಲೂ ಗಾಳಿಯಿಲ್ಲ: ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಹೊಸದು ಹಾಕಿ, ಹೆಚ್ಚಿನದು ಬೇಡವೇ ಬೇಡ. ಅದೂ ಸುಟ್ಟರೆ ಮೋಟಾರ್ ಬಿಗಿದಿದೆ ಅಥವಾ ವೈರ್ ಶಾರ್ಟ್ ಆಗಿದೆ.

ಫ್ಯೂಸ್ ಸರಿಯಿದ್ದರೆ ಬ್ಲೋವರ್ ಆನ್ ಮಾಡಿ, ಮೋಟಾರಿನ ತಳಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿ ಮತ್ತೆ ನಿಂತರೆ ಒಳಗಿನ ಇಂಗಾಲದ ಬ್ರಷ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ಸವೆದ ಬ್ರಷ್ ತಿರುಗುವ ಭಾಗಕ್ಕೆ ಸರಿಯಾಗಿ ತಾಗುವುದಿಲ್ಲ. ತಟ್ಟಿದ ಅದುರಿಗೆ ಒಂದು ಕ್ಷಣ ತಾಗುತ್ತದೆ, ಅಷ್ಟೇ.

ಕೊನೆಯ ಪರೀಕ್ಷೆ ಮಲ್ಟಿಮೀಟರ್‌ನದು. ಕೀ ಆಫ್ ಮಾಡಿ ಮೋಟಾರಿನ ಕನೆಕ್ಟರ್ ಕಳಚಿ. ಮತ್ತೆ ಕೀ ಆನ್ ಮಾಡಿ, ಬ್ಲೋವರ್ ಪೂರ್ಣ ಸ್ಪೀಡ್‌ನಲ್ಲಿಟ್ಟು, ವೈರ್ ಬದಿಯ ಎರಡು ಪಿನ್‌ಗಳ ನಡುವೆ ಅಳೆಯಿರಿ. ಸುಮಾರು 12 ವೋಲ್ಟ್ ಬಂದೂ ಮೋಟಾರ್ ತಿರುಗದಿದ್ದರೆ ಅದನ್ನು ಬದಲಿಸಲೇಬೇಕು. ವೋಲ್ಟೇಜ್ ಇಲ್ಲದಿದ್ದರೆ ದೋಷ ಸ್ವಿಚ್, ರಿಲೇ ಅಥವಾ ವೈರಿಂಗ್‌ನಲ್ಲಿದೆ, ಹೊಸ ಮೋಟಾರ್ ಕೊಂಡರೂ ಪ್ರಯೋಜನವಿಲ್ಲ. ಇದು ಗುಂಡಿ ತಿರುಗಿಸುವ ಸಾಮಾನ್ಯ ಎ.ಸಿ.ಗೆ ಅನ್ವಯಿಸುವ ವಿಧಾನ. ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರುಗಳ ವ್ಯವಸ್ಥೆ ಬೇರೆ, ಅದರ ಪರೀಕ್ಷೆ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಬೇಕಾಗುವ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್ (ಗಿಡ್ಡದೊಂದು, ಉದ್ದದೊಂದು), ಬ್ಯಾಟರಿ ಟರ್ಮಿನಲ್‌ಗೆ 10 ಎಂ.ಎಂ. ಸ್ಪ್ಯಾನರ್, ಮಲ್ಟಿಮೀಟರ್, ಟಾರ್ಚ್, ಮಾಸ್ಕ್, ಹಳೇ ಬಟ್ಟೆ. ಮೋಟಾರ್ ಕೊಳ್ಳುವಾಗ ಕಾರಿನ ಮಾದರಿ, ತಯಾರಾದ ವರ್ಷ ಹೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗೆ ಹೋಗುವುದಾದರೆ ಹಳೆಯದನ್ನು ಕೈಯಲ್ಲೇ ಒಯ್ಯುವುದು ಒಳ್ಳೆಯದು. ಫ್ಯಾನ್ ಸಮೇತ ಬರುವ ಮೋಟಾರನ್ನೇ ಆರಿಸಿ. ಹಳೇ ಫ್ಯಾನನ್ನು ಕಿತ್ತು ಹೊಸದಕ್ಕೆ ಕೂರಿಸಿದರೆ ಸಮತೋಲನ ತಪ್ಪಿ ಅದುರುವುದುಂಟು.

ಕೆಲಸದ ಹಂತಗಳು

1. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ. ಕೆಲವು ನಿಮಿಷ ಕಾಯಿರಿ. 2021ರ ಏಪ್ರಿಲ್‌ನಿಂದ ಹೊಸ ಮಾದರಿಗಳಲ್ಲಿ ಮುಂದಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಕಡ್ಡಾಯ. ಅದು ಗ್ಲೋವ್ ಬಾಕ್ಸ್‌ನ ಮೇಲೆಯೇ ಇರುತ್ತದೆ. ಹಳದಿ ಬಣ್ಣದ ವೈರ್ ಅಥವಾ ಕನೆಕ್ಟರ್ ಕಂಡರೆ ಮುಟ್ಟಬೇಡಿ.

2. ಗ್ಲೋವ್ ಬಾಕ್ಸ್ ಖಾಲಿ ಮಾಡಿ ತೆರೆಯಿರಿ. ಹಲವು ಕಾರುಗಳಲ್ಲಿ ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಪೆಟ್ಟಿಗೆ ಕೆಳಕ್ಕೆ ಜಾರುತ್ತದೆ. ಕೆಲವಲ್ಲಿ ಸ್ಕ್ರೂ ಇರುತ್ತದೆ. ಬರದಿದ್ದರೆ ಬಲಪ್ರಯೋಗ ಬೇಡ, ಕಾಣದ ಸ್ಕ್ರೂ ಹುಡುಕಿ.

3. ಒಳಗೆ ದುಂಡನೆಯ ಪ್ಲಾಸ್ಟಿಕ್ ತಳ, ಅದಕ್ಕೆ ಎರಡು ದಪ್ಪ ವೈರ್ ಕಾಣುತ್ತವೆ. ಅದೇ ಮೋಟಾರ್. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ. ಲಾಕ್ ಒತ್ತಿ ಕನೆಕ್ಟರ್ ಕಳಚಿ, ವೈರ್ ಹಿಡಿದು ಎಳೆಯಬೇಡಿ. ಪಿನ್‌ನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಅಥವಾ ಕರಗಿದ್ದರೆ ಆ ಕನೆಕ್ಟರ್ ಕೂಡ ಬದಲಾಗಬೇಕು. ಇಲ್ಲವಾದರೆ ಹೊಸ ಮೋಟಾರಿನಲ್ಲೂ ಅದೇ ಜಾಗ ಕಾಯುತ್ತದೆ.

4. ಸಾಮಾನ್ಯವಾಗಿ ಮೂರು ಸ್ಕ್ರೂಗಳಿರುತ್ತವೆ. ಕೊನೆಯದನ್ನು ಬಿಚ್ಚುವಾಗ ಒಂದು ಕೈ ಮೋಟಾರಿನ ಕೆಳಗಿರಲಿ. ಕೆಲವು ಕಾರುಗಳಲ್ಲಿ ಸ್ಕ್ರೂ ಬದಲು ಲಾಕ್ ಒತ್ತಿ ತಿರುಗಿಸಿ ಇಳಿಸಬೇಕು. ಮಾಸ್ಕ್ ಹಾಕಿಕೊಂಡಿರಿ, ವರ್ಷಗಳ ಧೂಳು, ಒಣಗಿದೆಲೆ, ಕೆಲವೊಮ್ಮೆ ಇಲಿಯ ಗೂಡಿನ ಚೂರುಗಳೂ ಉದುರುತ್ತವೆ.

5. ಖಾಲಿಯಾದ ಜಾಗವನ್ನು ಟಾರ್ಚ್ ಹಾಕಿ ನೋಡಿ, ಕಸ ತೆಗೆಯಿರಿ. ಮೋಟಾರಿನ ಮೇಲೆ ತುಕ್ಕು ಅಥವಾ ನೀರಿನ ಕಲೆ ಕಂಡರೆ ವೈಪರ್ ಕೆಳಗಿನ ಜಾಲರಿಯತ್ತ ಗಮನ ಕೊಡಿ. ಅಲ್ಲಿ ಎಲೆ ತುಂಬಿ ನೀರು ಹರಿಯುವ ದಾರಿ ಮುಚ್ಚಿದರೆ ಮಳೆನೀರು ಬ್ಲೋವರ್‌ಗೆ ಇಳಿಯುತ್ತದೆ. ಅದನ್ನು ಸರಿಪಡಿಸದೆ ಹೊಸ ಮೋಟಾರ್ ಹಾಕಿದರೆ ಅದೂ ಬಾಳುವುದಿಲ್ಲ.

6. ಹಳೆಯದು, ಹೊಸದು ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಫ್ಯಾನಿನ ಅಗಲ, ಎತ್ತರ, ರೆಕ್ಕೆ ಬಾಗಿದ ದಿಕ್ಕು, ಕನೆಕ್ಟರ್, ಸ್ಕ್ರೂ ತೂತು ಎಲ್ಲ ಒಂದೇ ಇರಬೇಕು.

7. ಹೊಸ ಮೋಟಾರ್ ಏರಿಸಿ, ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಿಂದ ಹಿಡಿಸಿ, ಆಮೇಲೆ ಹದವಾಗಿ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್‌ನ ಥ್ರೆಡ್ ಹಾಳಾಗುತ್ತದೆ. ಕ್ಲಿಕ್ ಎನ್ನುವವರೆಗೆ ಕನೆಕ್ಟರ್ ಒತ್ತಿ.

8. ಗ್ಲೋವ್ ಬಾಕ್ಸ್ ಕೂರಿಸುವ ಮೊದಲೇ ಬ್ಯಾಟರಿ ಜೋಡಿಸಿ ಎಲ್ಲ ಸ್ಪೀಡ್‌ಗಳನ್ನೂ ಪರೀಕ್ಷಿಸಿ. ಅದುರು, ಉಜ್ಜುವ ಸದ್ದು ಇರಬಾರದು. ಮೋಟಾರ್ ತಿರುಗುತ್ತಿದ್ದರೂ ಗಾಳಿ ತೀರಾ ಮಂದವಾಗಿದ್ದರೆ ಅದು ಉಲ್ಟಾ ತಿರುಗುತ್ತಿರಬಹುದು. ವೈರ್ ಕತ್ತರಿಸಿ ಜೋಡಿಸಿದ್ದರೆ ಪ್ಲಸ್, ಮೈನಸ್ ಅದಲುಬದಲಾಗಿದೆಯೇ ನೋಡಿ.

9. ಕ್ಯಾಬಿನ್ ಫಿಲ್ಟರ್ ಹೊಸದು ಹಾಕಿ. ಅದರ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗಿರಲಿ.

ಯಾವಾಗ ಕೈ ಹಾಕಬಾರದು?

ಮೋಟಾರ್ ತಲುಪಲು ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕಾದ ಕಾರುಗಳಿವೆ. ಎ.ಸಿ. ಗ್ಯಾಸ್ ಪೈಪ್ ಅಥವಾ ಹೀಟರಿನ ಬಿಸಿನೀರಿನ ಪೈಪ್ ಅಡ್ಡ ಬಂದರೂ ಅಲ್ಲಿಗೇ ನಿಲ್ಲಿಸಿ. ವಾರಂಟಿ ಮುಗಿಯದ ಕಾರು ಸರ್ವಿಸ್ ಸೆಂಟರ್‌ಗೇ ಹೋಗಲಿ.

ಉಳಿದವರು ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೊಂದು ಭಾನುವಾರ ಬ್ಲೋವರನ್ನು ಎಲ್ಲ ಸ್ಪೀಡ್‌ಗಳಲ್ಲೂ ಓಡಿಸಿ ನೋಡಿ, ವೈಪರ್ ಕೆಳಗಿನ ಎಲೆ ತೆಗೆಯಿರಿ. ಮುಂದಿನ ಗಾಜು ಸ್ವಚ್ಛವಾಗಿ ಕಾಣದ ಕಾರನ್ನು ದಯವಿಟ್ಟು ಘಾಟಿಗೆ ಒಯ್ಯಬೇಡಿ.