ಎರೆ ಮಣ್ಣು, ವಿಕಾಸವಾದ ಮತ್ತು ಯಹೂದಿ ನಂಬಿಕೆ

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಎರೆ ಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು. ಆ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಯಹೂದಿ ಪಂಚಾಂಗದ ಪ್ರಕಾರ ಸೃಷ್ಟಿಯಾಗಿ ಇನ್ನೂ 6,000 ವರ್ಷ ಆಗಿಲ್ಲ. ಹಾಗಾದ್ರೆ ದೈವಭಕ್ತ ಯಹೂದಿ ವಿಕಾಸವಾದ ಓದೋದು ಹೇಗೆ?

ಕೆಲವರು ಅದನ್ನು ಒಪ್ಪೋದೇ ಇಲ್ಲ. ಹಲವರು ಮೈಮೊನಿಡೀಸ್ ಹೇಳಿದ ದಾರಿ ಹಿಡೀತಾರೆ. ನಮ್ಮ ಬಸವಣ್ಣನವರಿದ್ದ 12ನೇ ಶತಮಾನದಲ್ಲೇ ಹುಟ್ಟಿದ ಈ ವೈದ್ಯ ಪಂಡಿತರ ನಿಲುವು ಇಷ್ಟೇ: ಒಂದು ವಿಷಯ ಖಚಿತವಾಗಿ ಸಾಬೀತಾದ್ರೆ, ಗ್ರಂಥದ ಮಾತನ್ನು ರೂಪಕವಾಗಿ ಅರ್ಥ ಮಾಡ್ಕೋಬೇಕು.

ಪರೀಕ್ಷೆಗೆ ಒಂದು ಉತ್ತರ, ಮನೆಗೆ ಇನ್ನೊಂದು ಉತ್ತರ ಇಟ್ಕೊಂಡಿರೋ ನಾವೂ ಈ ದಾರಿ ಬಗ್ಗೆ ಯೋಚಿಸಬೇಕು. ಸಾಕ್ಷಿ ಎಷ್ಟು ಗಟ್ಟಿ, ನಂಬಿಕೆ ಹೇಳೋದೇನು ಅಂತ ಎರಡನ್ನೂ ಕೇಳೋಣ.