ಮೊದಲು ನಿಂತ ನೆಲದ ಎತ್ತರ ತಿಳಿದುಕೋ

ತಮ್ಮಾ, ಹಟ್ಟಿಯ ಮನೆಯಲ್ಲಿ ನೀನು ಹವಾಮಾನ ಯಂತ್ರ ಕೂಡಿಸಿದ್ದು ಕೇಳಿ ಹಿಗ್ಗಿದೆ. ಮಳೆ, ಬಿಸಿಲಿನ ಅಂಕಿ ಸುಲಭ. ಗಾಳಿಯ ಒತ್ತಡದ ಅಂಕಿಯಲ್ಲಿ ಮಾತ್ರ ಬಹಳ ಮಂದಿ ಎಡವುತ್ತಾರೆ, ನಾನೂ ಎಡವಿದ್ದೆ. ಅದಕ್ಕೇ ಈ ನಾಲ್ಕು ಮಾತು.

ಗಣಿಯಲ್ಲಿ ದುಡಿದವರಿಗೆ ಒತ್ತಡ ಅಂದರೇನೆಂದು ಪುಸ್ತಕ ಹೇಳಬೇಕಿಲ್ಲ. ಹಟ್ಟಿ ಗಣಿಯ ಮಲ್ಲಪ್ಪ ಶಾಫ್ಟಿನಲ್ಲಿ ಕೇಜ್ ಇಳಿಯುವಾಗ ಕಿವಿ ಗಪ್ಪನೆ ಕಟ್ಟಿಕೊಳ್ಳುತ್ತಿತ್ತು, ಉಗುಳು ನುಂಗಿದರೆ ಬಿಡುತ್ತಿತ್ತು. ನೂರು ಮೀಟರ್ ಇಳಿದರೆ ಒತ್ತಡ ಸುಮಾರು 11 ಮಿಲಿಬಾರ್ ಏರುತ್ತದೆ, ನೂರು ಮೀಟರ್ ಹತ್ತಿದರೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸಮುದ್ರ ಮಟ್ಟದಲ್ಲಿ ಸರಾಸರಿ 1013 ಇರುವ ಒತ್ತಡ, 500 ಮೀಟರ್ ಎತ್ತರದ ನೆಲದಲ್ಲಿ 955ರ ಆಸುಪಾಸು ಇರುತ್ತದೆ. ನಿನ್ನ ಯಂತ್ರ ಅಂಥ ಅಂಕಿ ತೋರಿಸಿದರೆ ಗಾಬರಿಯಾಗಬೇಡ, ಅದು ದೋಷವಲ್ಲ. ಕಡಲ ದಂಡೆಯಲ್ಲಿ ಅದೇ ಅಂಕಿ ಬಂದರೆ ಭಾರೀ ಚಂಡಮಾರುತ. 1999ರ ಒಡಿಶಾ ಚಂಡಮಾರುತದ ನಡುವಿನಲ್ಲಿ ಒತ್ತಡ 912ಕ್ಕೆ ಕುಸಿದಿತ್ತು. ಎಲ್ಲ ಊರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲೆಂದು ಅಂಕಿಯನ್ನು ಸಮುದ್ರ ಮಟ್ಟಕ್ಕೆ ಹೊಂದಿಸುತ್ತಾರೆ.

ಹೊಂದಿಸಲು ನಿನ್ನ ಮನೆಯ ಎತ್ತರ ಸರಿಯಾಗಿ ಗೊತ್ತಿರಬೇಕು. ಜಿಪಿಎಸ್ ತೋರಿಸಿದ ಎತ್ತರವನ್ನು ಕಣ್ಣುಮುಚ್ಚಿ ನಂಬಬೇಡ. ಅದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಭೂಮಿಯ ಆಕಾರದಿಂದ ಅಳೆಯುತ್ತದೆ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರ ಮಟ್ಟ ಆ ಆಕಾರಕ್ಕಿಂತ ಹತ್ತಾರು ಮೀಟರ್ ಕೆಳಗಿದೆ. ತಿದ್ದುಪಡಿಯಿಲ್ಲದ ಜಿಪಿಎಸ್ ಅಂಕಿ ಹಾಕಿದರೆ ಹಲವು ಮಿಲಿಬಾರ್ ತಪ್ಪಿದಂತೆಯೇ. ಸರ್ವೆ ಆಫ್ ಇಂಡಿಯಾ ನಕ್ಷೆಯ ಎತ್ತರದ ಗೆರೆಗಳನ್ನು ನೋಡು. ಯಂತ್ರ ಮೇಲಿನ ಮಹಡಿಯಲ್ಲಿದ್ದರೆ ಆ ಮೂರು ಮೀಟರನ್ನೂ ಕೂಡಿಸು.

ಈಗ ನನ್ನ ತಪ್ಪು ಕೇಳು. ಒಂದು ದಿನ ಸಂಜೆ ನಾಲ್ಕಕ್ಕೆ, ಬೆಳಿಗ್ಗೆ ಎಂಟೂವರೆಗೆ ರಾಯಚೂರಿನ ಹವಾಮಾನ ಕೇಂದ್ರದಲ್ಲಿ ದಾಖಲಾದ ಸಮುದ್ರ ಮಟ್ಟದ ಅಂಕಿಗೆ ನನ್ನ ಯಂತ್ರವನ್ನು ಹೊಂದಿಸಿಬಿಟ್ಟೆ. ನಮ್ಮ ನಾಡಿನಲ್ಲಿ ಒತ್ತಡಕ್ಕೂ ದಿನಕ್ಕೆರಡು ಉಬ್ಬರವಿಳಿತ ಉಂಟು: ಬೆಳಿಗ್ಗೆ, ರಾತ್ರಿ ಹತ್ತರ ಸುಮಾರಿಗೆ ಏರಿಕೆ, ಬೆಳಗಿನ ಜಾವ, ಸಂಜೆ ನಾಲ್ಕರ ಸುಮಾರಿಗೆ ಇಳಿತ. ಹಗಲಿನ ಇಳಿತವೇ ಮೂರು ನಾಲ್ಕು ಮಿಲಿಬಾರ್. ಸಂಜೆಯ ಇಳಿದ ಅಂಕಿಗೆ ಬೆಳಗಿನ ಏರಿದ ಅಂಕಿ ತೊಡಿಸಿದ್ದರಿಂದ ಆ ತಿಂಗಳ ನನ್ನ ಲೆಕ್ಕವೆಲ್ಲ ಹೆಚ್ಚಾಗಿತ್ತು. ನೀನು ನಿನ್ನ ಯಂತ್ರದ, ಕೇಂದ್ರದ ಒಂದೇ ಹೊತ್ತಿನ ಅಂಕಿಗಳನ್ನೇ ಹೋಲಿಸು. ಗಾಳಿ ಮಳೆಯಿಲ್ಲದ ಏಳೆಂಟು ದಿನ ನೋಡಿ, ಸರಾಸರಿ ತೆಗೆದು, ಒಮ್ಮೆ ಹೊಂದಿಸಿ ಬಿಟ್ಟುಬಿಡು. ಒತ್ತಡ ಅಳೆಯುವ ಬಿಎಂಪಿ280 ಚಿಪ್ಪಿನಲ್ಲಿ ಒಂದು ಮಿಲಿಬಾರ್ ಹೆಚ್ಚುಕಡಿಮೆ ಇದ್ದದ್ದೇ. ಅದಕ್ಕಾಗಿ ದಿನಾ ತಿರುವಬೇಡ. ಮನೆಯೊಳಗೂ ಹೊರಗೂ ಒತ್ತಡ ಒಂದೇ, ಹಾಗಾಗಿ ಮಾಳಿಗೆಯ ಬಿಸಿಲಿಗಿಂತ ಒಳಗಿನ ತಂಪು ಗೋಡೆಯೇ ಆ ಚಿಪ್ಪಿಗೆ ಲೇಸು.

ವಹಿಯಲ್ಲಿ ಎರಡು ಸಾಲು ಬರೆ: ಯಂತ್ರ ಕಂಡ ಅಂಕಿ, ಹೊಂದಿಸಿದ ಅಂಕಿ. ಸೆಟ್ಟಿಂಗ್ ಬದಲಿಸಿದ ದಿನ ಕೆಂಪು ಗೆರೆ ಎಳೆದು ಕಾರಣ ಬರೆ. ಹಳೆಯದನ್ನು ಅಳಿಸಬೇಡ. ಗಣಿಯಲ್ಲಿ ಹಿಂದಿನ ಪಾಳಿಯವನು ಬರೆದಿಟ್ಟದ್ದನ್ನು ನಂಬಿಯೇ ಮುಂದಿನ ಪಾಳಿಯವನು ಕೆಳಗಿಳಿಯುತ್ತಾನೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಇತ್ತ ಸರಿದಾಗ, ಸಂಜೆ ನಾಲ್ಕರ ಇಳಿತ ಎಂದಿನದೋ ಅಲ್ಲವೋ ಎಂದು ನೀನು ಕೇಳುವುದೂ ಆ ವಹಿಯನ್ನೇ.