ಒಂದೇ ಬಣ್ಣದ ಪಿಂಗಾಣಿ: ಕೊಳ್ಳುವವರಿಗೆ ಅನುಭವದ ಪಾಠಗಳು

1. ಕೊಳ್ಳುವ ಮೊದಲು ಕಣ್ಣು ಪಳಗಬೇಕು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮಗೆ ಅದಕ್ಕೆ ಎರಡು ಒಳ್ಳೆಯ ತಾಣಗಳಿವೆ: ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯ. ಫಲಕ ಓದದೆ ಮೊದಲು ಪಾತ್ರೆಯನ್ನೇ ನೋಡಿ, ಕಾಲವನ್ನು ಮನಸ್ಸಿನಲ್ಲೇ ಊಹಿಸಿ, ಆಮೇಲೆ ಓದಿ. ಸಾಲಾರ್ ಜಂಗ್‌ನ ಹಸಿರು ಸೆಲಡಾನ್ ಪಾತ್ರೆಗಳ ಮುಂದೆ ನಿಧಾನವಾಗಿ ನಿಲ್ಲಿ. ಇಂಥ ತಟ್ಟೆಗಳಿಗೆ ನಮ್ಮ ದೇಶದ ಅರಮನೆಗಳಲ್ಲಿ ‘ಗೋರಿ’ ಎಂಬ ಹೆಸರಿತ್ತು. ವಿಷ ಬೆರೆತ ಊಟ ಬಡಿಸಿದರೆ ತಟ್ಟೆ ಒಡೆಯುತ್ತದೆಂದು ನಂಬಿದ್ದರು. ಆ ನಂಬಿಕೆಯೇ ಅವುಗಳನ್ನು ಜೋಪಾನವಾಗಿ ಉಳಿಸಿತು ಅನ್ನಿಸುತ್ತದೆ ನನಗೆ.

2. ಬಣ್ಣ ಹುಟ್ಟುವ ಬಗೆ ತಿಳಿಯದೆ ಬೆಲೆ ಮಾತಾಡಬೇಡಿ. ಹೂಬಳ್ಳಿ ಬರೆದ ಹೂದಾನಿಯಲ್ಲಿ ಚಿತ್ರ ಕಾಲವನ್ನು ಹೇಳುತ್ತದೆ. ಒಂದೇ ಬಣ್ಣದ್ದರಲ್ಲಿ ಆ ಆಸರೆಯಿಲ್ಲ. ಮೆರುಗು, ಆಕಾರ, ಬುಡ, ಇಷ್ಟೇ. ಸೆಲಡಾನಿನ ಹಸಿರು ಮೆರುಗಿನೊಳಗಿನ ಅತಿ ಕಡಿಮೆ ಕಬ್ಬಿಣದಿಂದ, ಗಾಳಿ ತಡೆದ ಆವಿಗೆಯ ಹೊಗೆಯಲ್ಲಿ ಬರುತ್ತದೆ. ನೀಲಿ ಕೋಬಾಲ್ಟಿನದು. ಕೆಂಪು ತಾಮ್ರದ್ದು, ಅದೇ ಎಲ್ಲಕ್ಕಿಂತ ಹಟಮಾರಿ: ಬಿಸಿ ಹೆಚ್ಚಾದರೆ ತಾಮ್ರ ಆವಿಯಾಗಿ ಹೋಗುತ್ತದೆ, ಗಾಳಿ ಹೆಚ್ಚಾದರೆ ಹಸಿರಿಗೆ ತಿರುಗುತ್ತದೆ. ಚೀನಾದ ಕಾಂಗ್ಶಿ ಚಕ್ರವರ್ತಿಯ ಕಾಲದ (1662–1722) ಒಳ್ಳೆಯ ರಕ್ತಗೆಂಪು ಹೂದಾನಿಯಲ್ಲಿ ಬಾಯಂಚಿನಿಂದ ಮೆರುಗು ಇಳಿದು ಬಿಳಿ ಗೆರೆ ಉಳಿದಿರುತ್ತದೆ, ಕೆಳಗೆ ಅದು ಬುಡದ ಅಂಚಿನಲ್ಲೇ ನಿಂತಿರುತ್ತದೆ. ಮುಂದಿನ ಕಾಲದ ಅನೇಕ ಕೆಂಪು ಹೂದಾನಿಗಳಲ್ಲಿ ಬುಡ ದಾಟಿ ಹರಿದ ಮೆರುಗನ್ನು ಅರೆದು ಸಮ ಮಾಡಿರುತ್ತಾರೆ. ಬೆರಳಾಡಿಸಿದರೆ ಆ ಅರೆದ ಜಾಗ ತಿಳಿಯುತ್ತದೆ.

3. ಬುಡ ತಿರುವಿ ನೋಡಿ. ಹಗಲು ಬೆಳಕು, ಭೂತಗನ್ನಡಿ ಸಾಕು. ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚುವಾನ್ ಆವಿಗೆಗಳ ಸೆಲಡಾನಿನಲ್ಲಿ ಮೆರುಗಿಲ್ಲದ ಬುಡದ ಮಣ್ಣು ಇಟ್ಟಿಗೆಗೆಂಪಾಗಿರುತ್ತದೆ, ಅದು ಬೆಂಕಿಯೇ ಕೊಟ್ಟ ಬಣ್ಣ. ನಕಲಿಯಲ್ಲಿ ಆ ಕೆಂಪನ್ನು ಬಳಿದಿರಬಹುದು. ಬಳಿದದ್ದು ಅಂಚಿನ ಸಂದಿಗಳಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಬುಡದ ನಡುವೆ ತೂತಿದ್ದರೆ ಯಾರೋ ದೀಪಕ್ಕೆ ತಂತಿ ಹಾಯಿಸಿದ್ದಾರೆ, ಬೆಲೆ ಬಹಳ ಇಳಿಯಬೇಕು.

4. ಬುಡದ ಮುದ್ರೆಯನ್ನು ಕೊನೆಗೆ ಓದಿ. ಕಾಂಗ್ಶಿ ಕಾಲದ ಕುಶಲಿಗರೇ ಹದಿನೈದನೇ ಶತಮಾನದ ಚೆಂಗ್‌ಹ್ವಾ ಚಕ್ರವರ್ತಿಯ ಮುದ್ರೆ ಹಾಕುತ್ತಿದ್ದರು. ಕಾಂಗ್ಶಿಯ ಮುದ್ರೆಯನ್ನು ಹತ್ತೊಂಬತ್ತನೇ ಶತಮಾನದವರು ಹಾಕಿದರು. ಹಿಂದಿನವರಿಗೆ ಗೌರವ ತೋರಲೂ ಹೀಗೆ ಮಾಡಿದ್ದುಂಟು, ಎಲ್ಲವೂ ಮೋಸವಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಚೈನಾ’ ಎಂದಿದ್ದರೆ ಸಾಮಾನ್ಯವಾಗಿ 1891ರ ನಂತರದ ರಫ್ತು ಮಾಲು. ಆ ವರ್ಷದಿಂದ ಅಮೆರಿಕ ತನ್ನಲ್ಲಿಗೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಕೇಳಿತು.

5. ನಮ್ಮ ಕಡೆಯ ಹಳೇ ವಾಡೆಗಳಿಂದ ಬರುವುದನ್ನು ಬಿಡಿಸಿ ನೋಡಿ. ಉಪ್ಪಿನಕಾಯಿ ಭರಣಿ, ಬಿಳಿ ಜಾಡಿ, ಜಪಾನಿನ ಹೂದಾನಿ, ಇಂಗ್ಲೆಂಡಿನ ತಟ್ಟೆ, ಎಲ್ಲವೂ ಮನೆಮಾತಿನಲ್ಲಿ ‘ಚೀನಿ’ಯೇ. ಮನೆಯ ಹಿರಿಯರು “ನಮ್ಮ ಮುತ್ತಜ್ಜ ತಂದಿದ್ದಪ್ಪಾ” ಅಂದರೆ ಅದನ್ನು ಬರೆದಿಟ್ಟುಕೊಳ್ಳಿ: ಯಾವ ಮನೆ, ಯಾರ ಮಾತು, ಯಾವಾಗ ಕೇಳಿದ್ದು. ಚೀನಾದ್ದಲ್ಲವೆಂದು ಗೊತ್ತಾದರೆ ಅವರಿಗೆ ಹೇಳಿಯೇ ಕೊಳ್ಳಿ, ಚೀನಾದ್ದೆಂದು ಗೊತ್ತಾದರೆ ಇನ್ನೂ ಬಾಯಿಬಿಟ್ಟು ಹೇಳಿ. ಅವರ ತಿಳಿಯದಿರುವಿಕೆಯಿಂದ ಬಂದ ಲಾಭ ಕಪಾಟಿನಲ್ಲಿ ಇಡಬಾರದ ವಸ್ತು.

6. ನೆಲದಿಂದ ಬಂದದ್ದು ಬೇಡ. ಕೃಷ್ಣೆ ತುಂಗಭದ್ರೆಯರ ನಡುವಿನ ದೋಆಬಿಗಾಗಿ ವಿಜಯನಗರವೂ ವಿಜಯಪುರವೂ ಕಾದಿದ್ದವು; ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಕೋಟೆ ಕೊತ್ತಲದ ಪಕ್ಕದ ಹೊಲದ ಚೂರು ಅಲ್ಲೇ ಇದ್ದರೆ ಚರಿತ್ರೆ, ಜೇಬಿಗೆ ಬಿದ್ದರೆ ಬರೀ ಚೂರು. ಭೂಮಿಯಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಇದು 1972ರ ಪುರಾತನ ವಸ್ತು ಕಾಯ್ದೆ.

7. ಮನೆಗೆ ತಂದ ಮೇಲೆ ಕಂಠ ಹಿಡಿದು ಎತ್ತಬೇಡಿ, ಒಂದು ಕೈ ಬುಡಕ್ಕೆ ಕೊಡಿ. ಬಿಸಿನೀರು ತಾಗಿಸಬೇಡಿ, ಹಿಂದೆ ಒಡೆದು ಅಂಟಿಸಿದ್ದರೆ ಹಳೆಯ ಅಂಟು ಬಿಡುತ್ತದೆ.